ಕೊರಟಗೆರೆಯಲ್ಲಿ ಒಂದು ಕ್ಲಿಪ್ಪು

ತಿರುಮಣಿಯ ಸೋಲಾರ್ ಪಾರ್ಕ್ ನೋಡೋದು ಅರ್ಧ ದಿನದ ಕೆಲಸ. ಪಾವಗಡ ತಾಲ್ಲೂಕಿನ ಐದು ಹಳ್ಳಿಗಳಲ್ಲಿ ಹರಡಿರುವ ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನು ರೈತರಿಂದ ಕೊಂಡದ್ದಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುವಾದ ಗುತ್ತಿಗೆ. ಇಷ್ಟು ತಿಳಿದ ಮೇಲೆ ಉಳಿಯುವುದು ಕಣ್ಣು ಕುಕ್ಕುವ ಗಾಜು ಮತ್ತು ಬೇಲಿ. ಬೆಳಿಗ್ಗೆ ಹತ್ತಕ್ಕೆಲ್ಲ ನನಗೆ ಸಾಕಾಗಿತ್ತು. ಬಸ್ಸಿಗೆ ಕಾಯುವ ಬದಲು, ತುಮಕೂರಿನ ಮಂಡಿಗೆ ಹುಣಸೆಹಣ್ಣು ತುಂಬಿಕೊಂಡು ಹೊರಟಿದ್ದ ಭಾಮೈದನ ಪಿಕಪ್ ಹತ್ತಿದೆ.

ಪಾವಗಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನೇ ಬಾಯಿಬಿಟ್ಟ. “ಗಾಡಿ ಎಳೀತಿಲ್ಲ ಭಾವ.” ಅವನು ಹೇಳಬೇಕಾಗಿರಲಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಮುಳ್ಳು ನಲವತ್ತರ ಮೇಲೇಳುತ್ತಿರಲಿಲ್ಲ. ಏರು ಬಂದರೆ ಮೂರನೇ ಗೇರು, ಅದಕ್ಕೂ ಆಗದಿದ್ದರೆ ಎರಡು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕಪ್ಪು ಹೊಗೆ, ಹೊಗೆಯ ಹಿಂದೆ ಶಾಪ ಹಾಕುತ್ತಾ ಬರುವ ಪ್ರೈವೇಟ್ ಬಸ್ಸು.

ಮಿಡಿಗೇಶಿಯ ಟೀ ಅಂಗಡಿಯಲ್ಲಿ ಸಲಹೆಗಳ ಸುರಿಮಳೆ. ಡೀಸೆಲ್ ಕಲಬೆರಕೆ ಅಂದ ಒಬ್ಬ. ಕ್ಲಚ್ ಪ್ಲೇಟ್ ಹೋಗಿದೆ ಅಂದ ಇನ್ನೊಬ್ಬ. ಕಣ್ಣುದೃಷ್ಟಿ, ನಿಂಬೆಹಣ್ಣು ತುಳಿಸಿ ಅಂದವರು ಮಾತ್ರ ಖರ್ಚಿಲ್ಲದ ದಾರಿ ತೋರಿಸಿದರು. ಭಾಮೈದ ಅದಾಗಲೇ ಪಟ್ಟಣದ ಒಂದು ದೊಡ್ಡ ವರ್ಕ್‌ಶಾಪಿಗೆ ಹೋಗಿಬಂದಿದ್ದ. ಅಲ್ಲಿ ಕಂಪ್ಯೂಟರ್ ಸಿಕ್ಕಿಸಿ, ಏನೂ ತೋರಿಸದಿದ್ದಾಗ, ನಾಲ್ಕೂ ಇಂಜೆಕ್ಟರ್ ಬದಲಿಸಿಬಿಡೋಣ ಅಂದಿದ್ದರಂತೆ. ನಲವತ್ತು ಸಾವಿರದ ಮೇಲೆ. ಸಾಲಕ್ಕೆ ಯಾರನ್ನು ಕೇಳೋದು ಅನ್ನೋ ಲೆಕ್ಕಾಚಾರದಲ್ಲೇ ಅವನು ಸ್ಟೀರಿಂಗ್ ತಿರುಗಿಸುತ್ತಿದ್ದ.

ಗಾಡಿ ತೆವಳಿದ್ದರಿಂದ ನನಗೊಂದು ಲಾಭವಾಯಿತು. ಮಧುಗಿರಿಯ ಏಕಶಿಲಾ ಬೆಟ್ಟವನ್ನು, ಸಮುದ್ರಮಟ್ಟದಿಂದ 3,930 ಅಡಿ ಎತ್ತರದ ಆ ಬಂಡೆಯನ್ನು, ಬಸ್ಸಿನಲ್ಲಿ ಯಾವತ್ತೂ ಇಷ್ಟು ಹೊತ್ತು ನೋಡಿರಲಿಲ್ಲ. ಕೋಟೆಯ ಗೋಡೆ ಬಂಡೆಯ ಮೈಯನ್ನು ಹಿಡಿದುಕೊಂಡು ಮೇಲಕ್ಕೆ ಹೋಗುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಕೊರಟಗೆರೆಯಲ್ಲಿಳಿದು ಸಿದ್ಧರಬೆಟ್ಟ ಹತ್ತುವ ಆಸೆಯಿತ್ತು, ಅದು ಕೈಬಿಟ್ಟುಹೋಯಿತು.

ಕೊರಟಗೆರೆ ತಲುಪಿದಾಗ ಶುಕ್ರವಾರದ ಮಧ್ಯಾಹ್ನ. ಗೊರವನಹಳ್ಳಿ ಮಹಾಲಕ್ಷ್ಮಿಯ ದರ್ಶನಕ್ಕೆ ಹೊರಟ ಕಾರುಗಳು ಊರನ್ನೇ ತಡೆದು ನಿಲ್ಲಿಸಿದ್ದವು. ದುಡ್ಡಿನ ದೇವಿಯನ್ನು ನೋಡಲು ಹೋಗುವವರಿಗೆ ಇಷ್ಟೊಂದು ಅವಸರ ಯಾಕೋ! ಮುಂದಿನ ಕಾರು ಒಂದಂಗುಲ ಕದಲದಿದ್ದರೂ ಹಾರ್ನು ಮಾತ್ರ ನಿಲ್ಲುತ್ತಿರಲಿಲ್ಲ. ಅದರಿಂದ ತಪ್ಪಿಸಿಕೊಳ್ಳಲೆಂದೇ ಭಾಮೈದ, ಪಂಚರ್ ಅಂಗಡಿಯ ಪಕ್ಕದ ತಗಡಿನ ಶೆಡ್ಡಿಗೆ ಗಾಡಿ ತಿರುಗಿಸಿದ.

ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು. ಬಾನೆಟ್ ಎತ್ತಲೇ ಇಲ್ಲ. ಗಾಡಿ ಸುತ್ತ ಒಂದು ಸುತ್ತು ಬಂದು, ನಾಲ್ಕೂ ಚಕ್ರದ ಮಧ್ಯಭಾಗಕ್ಕೆ ಅಂಗೈ ಇಟ್ಟು ನೋಡಿದರು. ಬ್ರೇಕ್ ಹಿಡಿದುಕೊಂಡಿದ್ದರೆ ಆ ಚಕ್ರ ಸುಡುತ್ತದೆ, ಯಾವುದೂ ಸುಡುತ್ತಿರಲಿಲ್ಲ. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆಸಿ, ಮೂರನೇ ಗೇರಿಗೆ ಹಾಕಿಸಿ, ಕ್ಲಚ್ ಬಿಡಿಸಿದರು. ಇಂಜಿನ್ ಒದರಿ ಆಫ್ ಆಯಿತು. “ಕ್ಲಚ್ ಗಟ್ಟಿ ಐತೆ. ಹೋಗಿದ್ರೆ ಇಂಜಿನ್ ಓಡ್ತಾನೇ ಇರೋದು.” ಇಲ್ಲಿಗೆ ಮಿಡಿಗೇಶಿಯ ಒಬ್ಬ ಪಂಡಿತರು ಸೋತರು.

“ಹೊಗೆ ಯಾವಾಗ ಬತ್ತದೆ?”

“ಎಳೆಯುವಾಗ ಮಾತ್ರ ಅಣ್ಣ. ನಿಂತಾಗ ಇಲ್ಲ. ವರ್ಕ್‌ಶಾಪಲ್ಲಿ ಇಂಜೆಕ್ಟರ್ ಬಿಚ್ಚಿ ಬದಲಿಸ್ಬೇಕು ಅಂದ್ರು.”

“ಅಂಗಾದ್ರೆ ನಾಝಲ್ ಯಾಕೆ ಬಿಚ್ತೀಯ? ನಾಝಲ್ ಕೆಟ್ರೆ ನಿಂತಾಗ್ಲೂ ಗಡಗಡ ಅಂತದೆ. ಕರೀ ಹೊಗೆ ಅಂದ್ರೆ ಡೀಸೆಲ್ ಬತ್ತಾ ಐತೆ, ಗಾಳಿ ಸಾಲ್ತಾ ಇಲ್ಲ.”

ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ಕುಟ್ಟಿದಾಗ ಪಾವಗಡದ ಕೆಂಧೂಳು ಗುಡ್ಡೆಯಾಯಿತು. ಅದೇ ಕಾರಣವೆಂದು ನಾನು ಖುಷಿಪಟ್ಟೆ. ಅವರು ಪಡಲಿಲ್ಲ. ಗಾಳಿ ಹೊಡೆದು ಹಾಕಿ, ಲೋಡಿನ ಸಮೇತ ಹತ್ತಿರದ ಏರಿಗೆ ಓಡಿಸಲು ಹೇಳಿ, ತಾವು ಪಕ್ಕದಲ್ಲಿ ಕೂತು ತಲೆ ಹೊರಗೆ ಹಾಕಿದರು. ಇಂಜಿನ್ ಒತ್ತಡಕ್ಕೆ ಬಿದ್ದ ಕೂಡಲೇ ಎಲ್ಲೋ ಒಂದು “ಸುಯ್” ಶಬ್ದ. ಕಾಲು ತೆಗೆದರೆ ಇಲ್ಲ. “ಸಾಕು, ತಿರುಗಿಸು.”

ಶೆಡ್ಡಿಗೆ ಬಂದು ಬಾನೆಟ್ ಎತ್ತಿದವರೇ ಇಂಟರ್‌ಕೂಲರಿನಿಂದ ಇಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಪೈಪಿನ ಅಡಿಗೆ ಬೆರಳು ಹಾಕಿ ಎಳೆದರು. ಬೆರಳಿನ ತುಂಬ ಎಣ್ಣೆ ಕುಡಿದ ಕರಿ ಧೂಳು. ಪೈಪಿನ ಉಳಿದ ಭಾಗವೆಲ್ಲ ಒಣಗಿತ್ತು, ಅಲ್ಲಿ ಮಾತ್ರ ಜಿಡ್ಡು. ಟರ್ಬೊ ಅನ್ನುವ ಪುಟ್ಟ ಚಕ್ರ ಹೊಗೆಯ ರಭಸಕ್ಕೆ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿ ಗಾಳಿಯನ್ನು ಒತ್ತಿ ಕಳಿಸುತ್ತದೆ, ಜೊತೆಗೆ ಒಂದಿಷ್ಟು ಎಣ್ಣೆಯ ಆವಿಯೂ ಹೋಗುತ್ತದೆ. ಸೋರುವ ಕಡೆ ಆ ಎಣ್ಣೆಗೆ ಧೂಳು ಅಂಟಿಕೊಂಡು ತಾನೇ ಗುರುತು ಹಾಕುತ್ತದೆ. ಕ್ಲಿಪ್ಪಿನ ಅಂಚಿಗೆ ಕೊರೆದು ಪೈಪಿನ ತುದಿ ಸೀಳಿತ್ತು. ಅವರು ಪೈಪನ್ನು ಬಗ್ಗಿಸಿ ತೋರಿಸಿದಾಗ ಆ ಸೀಳು ಮೀನಿನ ಕಿವಿರಿನಂತೆ ತೆರೆದು, ಬಿಟ್ಟಾಗ ಮುಚ್ಚಿಕೊಂಡಿತು. ಗಾಡಿ ನಿಂತಾಗ ಒತ್ತಡವಿಲ್ಲ, ಸೀಳೂ ಇಲ್ಲ. ಯಾವ ವೈರೂ ಕಿತ್ತಿಲ್ಲ, ಯಾವ ಸೆನ್ಸರೂ ಸತ್ತಿಲ್ಲ. ಆ ಹಳೇ ಗಾಡಿಯ ಕಂಪ್ಯೂಟರ್ ಎಲ್ಲ ಸರಿಯಿದೆ ಅಂದದ್ದರಲ್ಲಿ ಆಶ್ಚರ್ಯವಿಲ್ಲ.

ಸೀಳಿದ ತುದಿ ಕೊಯ್ದು, ಪೈಪನ್ನು ಮುಂದಕ್ಕೆ ತಳ್ಳಿ, ಹೊಸ ಕ್ಲಿಪ್ ಬಿಗಿದರು. ಅಷ್ಟರಲ್ಲಿ ನಾನು ಎದುರಿನ ಹೋಟೆಲಿನಲ್ಲಿ ಮುದ್ದೆ, ಬಸ್ಸಾರು ಮುಗಿಸಿದೆ. ಸಾರು ಚೆನ್ನಾಗಿತ್ತು, ಎರಡನೇ ಮುದ್ದೆ ಕೇಳಿದ್ದಕ್ಕೆ ಸಪ್ಲೈಯರ್ ಮುಖ ಗಂಟಿಕ್ಕಿದ.

“ಕ್ಲಿಪ್ಪಿಗೆ ಅರವತ್ತು, ಕೂಲಿ ಇನ್ನೂರು. ಹೊಸ ಪೈಪ್ ಹಾಕ್ಸ್ಕೊ, ಇದು ಬಾಳಾ ದಿನ ಬರಲ್ಲ.” ನಲವತ್ತು ಸಾವಿರಕ್ಕೆ ಸಾಲ ಹುಡುಕುತ್ತಿದ್ದ ನನ್ನ ಭಾಮೈದ ಚೌಕಾಸಿಗಿಳಿದ! “ಒಂದು ಕ್ಲಿಪ್ ಹಾಕಿದ್ದಕ್ಕೆ ಇನ್ನೂರಾ ಅಣ್ಣ?” ನನಗೆ ಮೈ ಉರಿಯಿತು. ಕ್ಲಿಪ್ ಹಾಕಲು ಎರಡು ನಿಮಿಷ ಸಾಕು. ಅದನ್ನು ಎಲ್ಲಿ ಹಾಕಬೇಕೆಂದು ಕಂಡುಹಿಡಿಯಲು ಒಂದು ಗಂಟೆಯೂ ಅದರ ಹಿಂದಿನ ಮೂವತ್ತು ನಲವತ್ತು ವರ್ಷವೂ ಬೇಕಾಯಿತು. ನಮ್ಮ ಯಾವ ಬಿಲ್ಲಿನಲ್ಲೂ ಹುಡುಕಿದ್ದಕ್ಕೆ ಇಷ್ಟು ಅನ್ನುವ ಸಾಲು ಇರುವುದಿಲ್ಲ. ಸಾಮಾನಿಗೆ ದುಡ್ಡು ಕೊಡುತ್ತೇವೆ, ಬಿಚ್ಚಿ ಹಾಕುವ ಕೈಗೂ ಕೊಡುತ್ತೇವೆ. ಹಾಗಿದ್ದ ಮೇಲೆ ದೊಡ್ಡ ವರ್ಕ್‌ಶಾಪಿನವರು ಯಾಕೆ ಹುಡುಕಬೇಕು? ಸಾಮಾನು ಬದಲಿಸಿದರೆ ಸಂಬಳ ಗಿಟ್ಟುತ್ತದೆ. ಮೇಸ್ತ್ರಿಗೆ ಈ ಸಿಟ್ಟೇನೂ ಇರಲಿಲ್ಲ. “ಇಪ್ಪತ್ತು ಕಮ್ಮಿ ಕೊಡು, ಹೋಗು” ಅಂದು ಮುಂದಿನ ಗಾಡಿಯ ಚಕ್ರಕ್ಕೆ ಅಂಗೈ ಇಟ್ಟರು.

ಕೊರಟಗೆರೆ ದಾಟಿದ ಮೇಲೆ ಗಾಡಿ ನಾಲ್ಕನೇ ಗೇರಿನಲ್ಲೇ ಏರು ಹತ್ತಿತು. ಭಾಮೈದ ಈಗ ಮುಂದಿದ್ದ ಆಟೋಗೆ ಹಾರ್ನ್ ಹೊಡೆದು ಬೈಯತೊಡಗಿದ. ಎಳೆಯದ ಗಾಡಿಯಲ್ಲಿ ಅವನು ಎಷ್ಟೋ ಸಭ್ಯನಾಗಿದ್ದ.

ತುಮಕೂರಿನ ಮಂಡಿಯಲ್ಲಿ ಖರೀದಿದಾರ ಮೂಟೆಗೆ ಕೈ ಹಾಕಿ, ಒಂದು ಹಿಡಿ ಹಣ್ಣು ಹಿಸುಕಿ, ಮೂಸಿ ನೋಡಿದ. “ತೇವ ಐತೆ, ನಾರು ಜಾಸ್ತಿ” ಅಂದು ಕ್ವಿಂಟಾಲಿಗೆ ಐನೂರು ಇಳಿಸಿದ. ಭಾಮೈದ ಬಾಯಿ ತೆರೆಯುವಷ್ಟರಲ್ಲಿ ಅವನು ಪಕ್ಕದ ಮೂಟೆಗೆ ಹೋಗಿ ಆಗಿತ್ತು.