ಹಳೆಯ ವಿಮಾನ, ಹಳೆಯ ದಾಖಲಾತಿ ಪುಸ್ತಕ

ಕಳೆದ ದೀಪಾವಳಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹುಣಸೂರಿನ ನಮ್ಮ ಮನೆಗೆ ಬಂದಿದ್ದ. ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ನನ್ನ ಬಳಿ ಅಕ್ಷರ ಕಲಿತವನು. ಈಗ ವಿಮಾನಗಳ ತಪಾಸಣೆ ಮಾಡುವ ಎಂಜಿನಿಯರು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಸಹಪಾಠಿಗಳಿಗೆ ಓದುತ್ತಿದ್ದಂತೆಯೇ ತಿಳಿದುಬಿಡುತ್ತದೆ.

"ಈಗೇನು ಕೆಲಸ ನಡೆಯುತ್ತಿದೆಯಪ್ಪ?" ಎಂದು ಕೇಳಿದೆ. ಉದ್ಯಮಿಯೊಬ್ಬರಿಗಾಗಿ ಎರಡು ಎಂಜಿನುಗಳ ಹಳೆಯ ಸಣ್ಣ ಜೆಟ್ ವಿಮಾನವೊಂದನ್ನು ಆರಿಸಿಕೊಡುತ್ತಿರುವುದಾಗಿ ಹೇಳಿದ. ಆರೇಳು ಜನ ಕೂರುವಂಥದು. ಅಮೆರಿಕದ ಸೆಸ್ನಾ ಕಂಪನಿಯ ಸೈಟೇಷನ್ ಎಂಬ ವಿಮಾನ 1969ರಲ್ಲಿ ಮೊದಲ ಬಾರಿ ಹಾರಿತು. ಅಲ್ಲಿಂದೀಚೆಗೆ ಈ ಜಾತಿಯ ವಿಮಾನಗಳು ಬಹಳವಾಗಿ ಬೆಳೆದುಬಂದಿವೆ. ಇವಕ್ಕೆ ಬಹಳ ಉದ್ದದ ರನ್‌ವೇ ಬೇಕಿಲ್ಲ. 2010ರಲ್ಲಿ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ ಹೊಸದಾಗಿ ತೆರೆದಾಗ ಅಲ್ಲಿದ್ದ 1,740 ಮೀಟರ್ ರನ್‌ವೇ ಇಂಥವಕ್ಕೆ ಸಾಕಾಗುವಂಥದೇ.

"ಹಾಗಾದರೆ ಜಾತ್ರೆಯಲ್ಲಿ ಎತ್ತು ಕೊಂಡ ಹಾಗೆ ಅನ್ನು" ಎಂದು ನಾನು ನಕ್ಕೆ. ಅವನು ನಗಲಿಲ್ಲ. "ಹಾಗೆಯೇ ಮೇಷ್ಟ್ರೇ" ಎಂದ.

ನನಗೆ ನಮ್ಮ ತಂದೆಯವರ ನೆನಪಾಯಿತು. ಆಗಿನ ಕೃಷ್ಣರಾಜನಗರ ತಾಲ್ಲೂಕಿನ ಚುಂಚನಕಟ್ಟೆಯ ದನಗಳ ಜಾತ್ರೆಗೆ ಅವರು ನನ್ನನ್ನು ಕರೆದೊಯ್ಯುತ್ತಿದ್ದರು. ಹಲ್ಲು ಎಣಿಸುವುದು, ಸುಳಿ ನೋಡುವುದು, ಗೊರಸು ತಟ್ಟುವುದು, ನಡೆಸಿ ನೋಡುವುದು ಎಲ್ಲವೂ ಆಗುತ್ತಿತ್ತು. ಆಮೇಲೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದು. ಆದರೆ ಅದಕ್ಕೂ ಮೊದಲು ತಂದೆಯವರು ಮಾರುವವನ ಊರಿನವರು ಯಾರಾದರೂ ಜಾತ್ರೆಗೆ ಬಂದಿದ್ದಾರೆಯೇ ಎಂದು ಹುಡುಕಿಕೊಂಡು ಹೋಗುತ್ತಿದ್ದರು. "ಹಲ್ಲು ವಯಸ್ಸು ಹೇಳುತ್ತೆ, ಬಾಳಿದ್ದು ಹೆಂಗೆ ಅಂತ ನೆರೆಯವರೇ ಹೇಳಬೇಕು" ಎನ್ನುತ್ತಿದ್ದರು.

ನನ್ನ ಶಿಷ್ಯ ವಿವರಿಸಿದ್ದೂ ಬಹುಮಟ್ಟಿಗೆ ಇದನ್ನೇ. ವಿಮಾನದ ವಯಸ್ಸನ್ನು ವರ್ಷಗಳಲ್ಲಿ ಮಾತ್ರ ಎಣಿಸುವುದಿಲ್ಲ. ಎಷ್ಟು ಗಂಟೆ ಹಾರಿದೆ, ಎಷ್ಟು ಸಲ ಏರಿ ಇಳಿದಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ನಲವತ್ತು ಸಾವಿರ ಅಡಿಯ ಮೇಲೆ ಹೊರಗಿನ ಗಾಳಿ ತೆಳುವಾದ್ದರಿಂದ ಒಳಗೆ ಗಾಳಿಯ ಒತ್ತಡ ತುಂಬಿರುತ್ತದೆ. ಪ್ರತಿ ಹಾರಾಟದಲ್ಲಿಯೂ ವಿಮಾನದ ಮೈ ಒಮ್ಮೆ ಉಬ್ಬಿ ಒಮ್ಮೆ ತಗ್ಗುತ್ತದೆ. ಲೋಹ ದಣಿಯುವುದು ಹೀಗೆ. ಎರಡು ಎಂಜಿನುಗಳಿಗೆ ಎರಡು ಪ್ರತ್ಯೇಕ ಪುಸ್ತಕಗಳು. ಒಂದು ಕೆಟ್ಟರೆ ಇನ್ನೊಂದು ವಿಮಾನವನ್ನು ಕಾಯಬೇಕು, ಆದ್ದರಿಂದ ಎರಡರ ಚರಿತ್ರೆಯನ್ನೂ ಬೇರೆಬೇರೆಯಾಗಿ ಓದಬೇಕು. ಮಾದರಿಗೆ ತಕ್ಕಂತೆ ಮೂರೂವರೆ ಸಾವಿರದಿಂದ ಐದು ಸಾವಿರ ಗಂಟೆಗಳಿಗೊಮ್ಮೆ ಎಂಜಿನನ್ನು ಪೂರ್ತಿ ಬಿಚ್ಚಿ ಕಟ್ಟಬೇಕಾಗುತ್ತದೆ. ಆ ಖರ್ಚು ಕೋಟಿಗಳ ಲೆಕ್ಕದ್ದು. ಅದರೊಳಗೆ ತಿರುಗುವ ಕೆಲವು ಬಿಲ್ಲೆಗಳಿಗಂತೂ ಇಷ್ಟೇ ಆಯುಸ್ಸು ಎಂದು ನಿಗದಿಯಾಗಿರುತ್ತದೆ. ತಯಾರಾದ ದಿನದಿಂದ ಇಂದಿನವರೆಗಿನ ದಾಖಲೆ ಇಲ್ಲದಿದ್ದರೆ, ಕಣ್ಣಿಗೆ ಎಷ್ಟೇ ಚೆನ್ನಾಗಿ ಕಂಡರೂ, ಅದನ್ನು ಬಳಸುವಂತಿಲ್ಲ.

ಅವನ ಮುಂದೆ ಒಂದೇ ಮಾದರಿಯ ಎರಡು ವಿಮಾನಗಳಿದ್ದವು. ಮೊದಲನೆಯದು ಕಡಮೆ ಹಾರಿದ್ದು. ಹೊಸ ಬಣ್ಣ, ಹೊಸ ಚರ್ಮದ ಆಸನಗಳು. ಆದರೆ ಸಮುದ್ರತೀರದ ಊರಿನಲ್ಲಿ ಬಹುಕಾಲ ಸುಮ್ಮನೆ ನಿಂತಿತ್ತು. ನಿಂತ ವಿಮಾನಕ್ಕೆ ತುಕ್ಕೇ ಶತ್ರು. ಮೇಲಾಗಿ ಮೂರು ವರ್ಷಗಳ ದಾಖಲೆ ಕಾಣೆಯಾಗಿತ್ತು. ಎರಡನೆಯದು ಹೆಚ್ಚು ಹಾರಿದ್ದು, ಬಣ್ಣ ಮಾಸಿದ್ದು. ಆದರೆ ಬದಲಾಯಿಸಿದ ಪ್ರತಿಯೊಂದು ಬಿಡಿಭಾಗಕ್ಕೂ ಸಹಿಯಿತ್ತು, ತಾರೀಖಿತ್ತು. ಸಣ್ಣ ಕ್ಯಾಮೆರಾದ ಕೊಳವೆಯನ್ನು ಎಂಜಿನಿನ ಒಳಗೆ ಇಳಿಸಿ ನೋಡಿದಾಗ ಕಂಡದ್ದೂ ಪುಸ್ತಕದಲ್ಲಿ ಬರೆದದ್ದೂ ತಾಳೆಯಾದವು. ಅವನು ಮಾಸಿದ ವಿಮಾನವನ್ನೇ ಆರಿಸಿದ.

"ದಾಖಲೆ ಕಳೆದ ವಿಮಾನ ಕೆಲಸಕ್ಕೇ ಬಾರದೆ?" ಎಂದೆ.

"ಬರುತ್ತೆ ಮೇಷ್ಟ್ರೇ. ಮಹಾಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬ್ರಿಟಿಷರು ಹಾಳುಗೆಡವಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು 1948ರ ಹೊತ್ತಿಗೆ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯವರೇ ದುರಸ್ತಿ ಮಾಡಿ ಕೊಟ್ಟರು. 1968ರವರೆಗೆ ನಮ್ಮ ವಾಯುಪಡೆಯಲ್ಲಿದ್ದವು. ಆದರೆ ಅದಕ್ಕೆ ಎಲ್ಲವನ್ನೂ ಬಿಚ್ಚಿ ಹೊಸದಾಗಿ ಕಟ್ಟಬೇಕು. ಹೊಸ ಜನ್ಮ ಕೊಟ್ಟ ಹಾಗೆ. ಅಷ್ಟು ಖರ್ಚು ಯಾರು ಮಾಡುತ್ತಾರೆ?"

ತಾರೀಖು, ಜನ್ಮ ಎಂಬ ಮಾತುಗಳು ಬಂದಾಗಲೇ ನನ್ನ ಮನಸ್ಸು ಅಳುಕಿತ್ತು. ಬಿಡಿಭಾಗಕ್ಕೂ ಜನ್ಮದಿನ ಕೇಳುವ ಈ ಮನುಷ್ಯನ ಜನ್ಮದಿನವನ್ನು ಸುಳ್ಳಾಗಿ ಬರೆದವನು ನಾನೇ.

1977ರ ಜೂನ್ ತಿಂಗಳಲ್ಲಿ ಅವನ ತಾಯಿ ಅವನ ಕೈಹಿಡಿದು ಶಾಲೆಗೆ ಬಂದರು. ಹುಟ್ಟಿದ್ದು ಯಾವಾಗ ಎಂದು ಕೇಳಿದೆ. ಆಕೆಯ ತವರು ಹೆಗ್ಗಡದೇವನಕೋಟೆಯ ಕಡೆ. "ಬೀಚನಹಳ್ಳಿ ಕಟ್ಟೆ ಕಟ್ತಿದ್ರಲ್ಲ ಸ್ವಾಮಿ, ಅದು ಮುಗಿಯೋಕೆ ಎರಡು ವರ್ಷ ಮುಂಚೆ, ಚುಂಚನಕಟ್ಟೆ ಜಾತ್ರೆ ಕಳೆದ ವಾರಕ್ಕೆ" ಎಂದರು. ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಆ ಲೆಕ್ಕದಲ್ಲಿ ಅವನು ಹುಟ್ಟಿದ್ದು 1972ರ ಜನವರಿಯಲ್ಲಿ. ಎಷ್ಟು ನಿಖರವಾದ ದಾಖಲೆ! ಆದರೆ ದಾಖಲಾತಿಗೆ ವಯಸ್ಸು ಕೆಲವು ತಿಂಗಳು ಸಾಲದೆ ಬಂತು. ಹುಡುಗ ಚುರುಕಾಗಿದ್ದ, ವರ್ಷ ಹಾಳಾಗುವುದು ಬೇಡವೆಂದು 1-6-1971 ಎಂದು ಬರೆದೆ. ಉಪಕಾರ ಮಾಡಿದೆನೆಂದೇ ತಿಳಿದಿದ್ದೆ.

ಅಂದು ಅದನ್ನು ಅವನಿಗೆ ಹೇಳಿದೆ. "ಗೊತ್ತು ಮೇಷ್ಟ್ರೇ, ಅವ್ವ ಹೇಳಿದ್ದಳು" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನು ಎಂದೂ ಹೇಳದಿದ್ದ ಮಾತೊಂದನ್ನು ಹೇಳಿದ. ಓದು ಮುಗಿಸಿದ ಕಾಲದಲ್ಲಿ ಸಂಬಳ ಸಹಿತವಾದ ತರಬೇತಿಯೊಂದಕ್ಕೆ ಅರ್ಜಿ ಹಾಕಿದ್ದನಂತೆ. ವಯೋಮಿತಿ ಮೂರು ತಿಂಗಳು ಮೀರಿದೆಯೆಂದು ಅರ್ಜಿ ಹಿಂದಿರುಗಿತು. ನಿಜವಾದ ತಾರೀಖಿದ್ದಿದ್ದರೆ ಮೀರುತ್ತಿರಲಿಲ್ಲ. ಆಮೇಲೆ ಅವನ ತಾಯಿ ಓಲೆ ಮಾರಿ ಖಾಸಗಿ ಸಂಸ್ಥೆಗೆ ಶುಲ್ಕ ಕಟ್ಟಿದರು. ಆ ತಾಯಿ ಈಗಿಲ್ಲ.

ನನಗೆ ಮಾತು ಹೊರಡಲಿಲ್ಲ. ಅವನೇ ಹೇಳಿದ: "ವರ್ಷ ಕಾಯಿಸಿದ್ದರೆ ಅಪ್ಪ ದನ ಮೇಯಿಸಲು ಕಳಿಸುತ್ತಿದ್ದ, ಶಾಲೆಗೇ ಬರುತ್ತಿರಲಿಲ್ಲ. ಅದೂ ಲೆಕ್ಕಕ್ಕೆ ಬರಲಿ." ಅದು ನನ್ನ ಸಮಾಧಾನಕ್ಕೆ ಹೇಳಿದ್ದೋ ನಿಜವೋ, ಕೇಳುವ ಧೈರ್ಯವಾಗಲಿಲ್ಲ.

ವಿಮಾನದ ಪುಸ್ತಕದಲ್ಲಿ ತಪ್ಪು ಬರೆದರೆ ಏನು ಮಾಡುತ್ತೀರಿ ಎಂದು ಮಾತ್ರ ಕೇಳಿದೆ. ಅಳಿಸುವಂತಿಲ್ಲ, ಮಸಿ ಬಳಿಯುವಂತಿಲ್ಲ. ಹಳೆಯದು ಓದಲು ಕಾಣುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ತಾರೀಖು ಹಾಕಿ ಸಹಿ ಮಾಡಬೇಕು ಎಂದ. ಅವನ ಪಾಸ್‌ಪೋರ್ಟು, ಲೈಸೆನ್ಸುಗಳೆಲ್ಲ ಆ ಸುಳ್ಳು ತಾರೀಖಿನ ಮೇಲೆಯೇ ನಿಂತಿವೆ; ಅವನ್ನು ತಿದ್ದಿಸುವ ಮನಸ್ಸು ಅವನಿಗಿಲ್ಲ. ಅಂದು ರಾತ್ರಿ ಅವನ ತಾಯಿ ಹೇಳಿದ್ದ ಮಾತನ್ನು ಇದ್ದಂತೆಯೇ ಒಂದು ಹಾಳೆಯಲ್ಲಿ ಬರೆದು, ಸಹಿ ಮಾಡಿ, ಬೆಳಿಗ್ಗೆ ಹೊರಡುವಾಗ ಕೊಟ್ಟೆ. ಎರಡು ಸಲ ಓದಿ, ಮಡಿಸಿ ಜೇಬಿನಲ್ಲಿಟ್ಟುಕೊಂಡ.

ನನ್ನ ವಿದ್ಯಾರ್ಥಿಗಳಲ್ಲಿ ಜೂನ್ 1ರಂದು ಹುಟ್ಟಿದವರು ಇನ್ನೂ ಅನೇಕರಿದ್ದೀರಿ. ಏಕೆಂದು ನಿಮಗೀಗ ತಿಳಿದಿರಬಹುದು. ನಿಮ್ಮ ತಾಯಂದಿರು ನನಗೆ ಹೇಳಿದ ಮಳೆ, ಹಬ್ಬ, ಜಾತ್ರೆಗಳಲ್ಲಿ ಕೆಲವು ಇನ್ನೂ ನೆನಪಿನಲ್ಲಿವೆ. ನೆನಪು ಮಾಸುವುದರೊಳಗೆ ಬಂದು ಕೇಳಿ. ಬರೆದು ಸಹಿ ಮಾಡಿಕೊಡುತ್ತೇನೆ.