ಹದಿನೈದು ಅಂಕಿಯ ಸಾಕ್ಷಿ

2023ರ ನವೆಂಬರ್ 12, ದೀಪಾವಳಿಯ ರಾತ್ರಿ. ಕಾಚಿಗುಡದ ನಮ್ಮ ಓಣಿಯಲ್ಲಿ ಪಟಾಕಿ ಸರ ಸಿಡಿದದ್ದೇ ತಡ, ನಮ್ಮ ನಾಯಿ ಬೆಲ್ಲ ಹಿಂದಕ್ಕೆ ಜಗ್ಗಿ ಕೊರಳಪಟ್ಟಿಯಿಂದ ತಲೆ ಬಿಡಿಸಿಕೊಂಡು ಓಡಿದ. ನನ್ನ ಫೋನ್ ನಂಬರ್ ಕೊರೆಸಿದ್ದ ಬಿಲ್ಲೆ ಪಟ್ಟಿಯ ಸಮೇತ ನನ್ನ ಕೈಯಲ್ಲೇ ಉಳಿಯಿತು.

ಬೆಲ್ಲ ನಾಟಿ ನಾಯಿ. ಕಂದು ಮೈ, ಸುರುಳಿ ಬಾಲ. ಅಂಥವು ಹೈದರಾಬಾದಿನ ಪ್ರತಿ ತಿರುವಿನಲ್ಲೂ ಇವೆ. ಲ್ಯಾಬ್ರಡಾರ್ ಬೀದಿಯಲ್ಲಿ ಅಲೆದರೆ ಯಾರದೋ ಸಾಕಿದ್ದು ಎಂದು ಜನ ಹಿಡಿದು ಕಟ್ಟುತ್ತಾರೆ. ಇವನನ್ನು ಯಾರು ಕೇಳಬೇಕು? ಬೀದಿಯಿಂದಲೇ ನಮ್ಮ ಮನೆಗೆ ಬಂದವನು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬುದಕ್ಕೆ ಕಿವಿಯಂಚಿನಲ್ಲಿ ‘ವಿ’ ಆಕಾರದಲ್ಲಿ ಕತ್ತರಿಸಿದ ಗುರುತು ಬೇರೆ ಇತ್ತು. ಆ ಗುರುತು ನೋಡಿದವರು ಬೀದಿನಾಯಿ ಎಂದೇ ತಿಳಿಯುತ್ತಾರೆ.

ಕಾಲವೂ ಕೆಟ್ಟಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಪಕ್ಕದ ಅಂಬರ್‌ಪೇಟೆಯಲ್ಲಿ ಬೀದಿನಾಯಿಗಳು ಪುಟ್ಟ ಬಾಲಕನೊಬ್ಬನನ್ನು ಕಚ್ಚಿ ಕೊಂದಿದ್ದವು. ಕಂದು ನಾಯಿಯ ಫೋಟೊ ಹಿಡಿದು ಗೋಲ್ನಾಕದ ಗಲ್ಲಿಗಳಲ್ಲಿ ಬಾಗಿಲು ಬಡಿದರೆ ಕೆಲವರು ಮಾತೇ ಆಡುತ್ತಿರಲಿಲ್ಲ. ಮಕ್ಕಳಿದ್ದ ಆ ಮನೆಗಳ ಭಯ ನನಗೆ ತಿಳಿಯದ್ದೇನಲ್ಲ. ಅಂಬರ್‌ಪೇಟೆಯಲ್ಲಿರುವ ಹೈದರಾಬಾದ್ ಮಹಾನಗರ ಪಾಲಿಕೆಯ ಪ್ರಾಣಿ ಕೇಂದ್ರಕ್ಕೂ ಹೋಗಿ ಬೋನುಗಳ ಮುಂದೆ ಒಂದೊಂದೇ ಮುಖ ನೋಡುತ್ತ ನಡೆದೆ. ಹಿಡಿದ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು ಎಂಬುದು ಆ ವರ್ಷ ಬಂದ ಕೇಂದ್ರ ಸರ್ಕಾರದ ನಿಯಮವಾಗಿತ್ತು. ಹಾಗಾಗಿ ಬೆಲ್ಲ ಎಲ್ಲಿ ಸಿಕ್ಕಿಬಿದ್ದರೂ ಅಲ್ಲೇ ಬಿಟ್ಟಿರುತ್ತಾರೆ, ನಮ್ಮ ಓಣಿಯಲ್ಲಲ್ಲ.

ಗೋಡೆಗೆ ಹಚ್ಚಿದ ಚೀಟಿ ನೋಡಿ ಫೋನ್‌ಗಳು ಬಂದವು. "ನಿಮ್ಮ ನಾಯಿ ನಮ್ಮಲ್ಲಿದೆ, ಪೆಟ್ರೋಲಿಗೆ ದುಡ್ಡು ಹಾಕಿ, ತಂದು ಬಿಡ್ತೀವಿ." ಹಿಂಗಾಲಿನ ಉಗುರು ಯಾವ ಬಣ್ಣ ಎಂದು ಕೇಳಿದರೆ ಫೋನ್ ಕಟ್. ಎಡ ಹಿಂಗಾಲಿನ ಒಂದು ಉಗುರು ಬಿಳಿ, ಮಿಕ್ಕವು ಕಪ್ಪು. ಅದನ್ನು ಚೀಟಿಯಲ್ಲಿ ಬೇಕೆಂದೇ ಬರೆದಿರಲಿಲ್ಲ.

ಅತಿ ಬೇಸರ ತಂದದ್ದು ನೆರೆಯವರ ಸಲಹೆ: "ಚಿಪ್ ಹಾಕಿಸಿದೀರಲ್ಲ, ಮೊಬೈಲಲ್ಲಿ ನೋಡಿ ಎಲ್ಲಿದಾನೆ ಅಂತ." ಚಿಪ್ ಎಂದರೆ ಅಕ್ಕಿಕಾಳಿನಷ್ಟು ಗಾಜಿನ ಕೊಳವೆ, ಭುಜದ ನಡುವೆ ಚರ್ಮದಡಿ ಸೂಜಿಯಿಂದ ಸೇರಿಸುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ, ಜಿಪಿಎಸ್ ಇಲ್ಲ. ಸ್ಕ್ಯಾನರ್ ಮೈಗೆ ಹತ್ತಿರ ಹಿಡಿದಾಗ ಹದಿನೈದು ಅಂಕಿಯ ಸಂಖ್ಯೆ ಹೇಳುತ್ತದೆ, ಅಷ್ಟೇ. ಕಳೆದ ನಾಯಿಯನ್ನು ಅದು ಹುಡುಕಿಕೊಡುವುದಿಲ್ಲ.

ಕೊನೆಗೆ ಮೂಸಿ ನದಿಯ ಆಚೆ, ಮಲಕ್‌ಪೇಟೆಯಿಂದ ಕರೆ ಬಂತು. ಬಿಳಿ ಉಗುರು ಇದೆ ಎಂದರು. ಆಟೊ ಓಡಿಸುವವರ ಮನೆ. ಗಾಯಗೊಂಡು ಬಿದ್ದಿದ್ದವನಿಗೆ ಅರಿಶಿನ ಹಚ್ಚಿ, ಅನ್ನ ಹಾಕಿ, ರಾಜು ಎಂದು ಹೆಸರಿಟ್ಟಿದ್ದರು. ನನ್ನನ್ನು ಕಂಡು ಮೈಮೇಲೆ ಹಾರಿದ. ಆ ಮನೆಯ ಹುಡುಗಿ ಕರೆದಾಗ ಅಷ್ಟೇ ಪ್ರೀತಿಯಿಂದ ಅವಳ ಹತ್ತಿರವೂ ಓಡಿದ! "ಬಿಳಿ ಉಗುರು ಬೇರೆ ನಾಯಿಗೂ ಇರಬಹುದಲ್ಲಮ್ಮಾ, ಮಗಳು ಬಿಡ್ತಿಲ್ಲ" ಎಂದರು ಆಕೆಯ ತಂದೆ. ಅವರ ಮಾತಿನಲ್ಲಿ ಮೋಸವಿರಲಿಲ್ಲ. ಫೋಟೊ ತೋರಿಸಿದರೆ, ಎಲ್ಲ ಕಂದು ನಾಯಿಗಳೂ ಹೀಗೇ ಇರುತ್ತವೆ ಎಂದರು. ನಿಜವೇ.

ಎಲ್ಲರೂ ಅದೇ ಆಟೊದಲ್ಲಿ ಪಶುವೈದ್ಯರ ಬಳಿ ಹೋದೆವು. ಭುಜದ ನಡುವೆ ಸ್ಕ್ಯಾನರ್ ಆಡಿಸಿದರು, ಸದ್ದಿಲ್ಲ. ಮತ್ತೊಮ್ಮೆ, ಇಲ್ಲ. ನನ್ನ ಬಾಯಿ ಒಣಗಿತು. "ಚಿಪ್ ಒಮ್ಮೊಮ್ಮೆ ಜಾರುತ್ತೆ" ಎನ್ನುತ್ತ ವೈದ್ಯರು ಎಡಗಡೆ ಕೆಳಗೆ, ಮೊಣಕೈಯತ್ತ ತಂದಾಗ ಬೀಪ್ ಎಂದಿತು. ಲಸಿಕೆ ಕಾರ್ಡಿನ ಮೇಲಿನ ಸ್ಟಿಕ್ಕರಿನ ಅಂಕಿಗಳನ್ನು ಆ ಹುಡುಗಿಯೇ ಒಂದೊಂದಾಗಿ ಜೋರಾಗಿ ಓದಿದಳು. ಹದಿನೈದೂ ಹೊಂದಿದವು. ಆಮೇಲೆ ಅವಳು ಅತ್ತಳು, ಆದರೆ ವಾದ ಮಾಡಲಿಲ್ಲ.

ನಾಯಿ ಸಾಕಿದವರು ಲಸಿಕೆ ಕಾರ್ಡ್ ಒಮ್ಮೆ ತೆಗೆದು ನೋಡಿ, ಚಿಪ್ಪಿನ ಸಂಖ್ಯೆ ಬರೆದಿದೆಯೇ ಎಂದು. ಮುಂದಿನ ಲಸಿಕೆಗೆ ಹೋದಾಗ ಸ್ಕ್ಯಾನ್ ಮಾಡಿಸಿ, ಅದು ಎಲ್ಲಿಗೆ ಜಾರಿದೆ ಎಂಬುದನ್ನೂ ಕಾರ್ಡಿನಲ್ಲಿ ಬರೆಸಿಕೊಳ್ಳಿ.