ಅಪ್ಪನ ಮಂಡಿ ಮತ್ತು 16 ಕಿಲೋಮೀಟರ್

ಪ್ರವಾಸಕ್ಕೂ ಎಕ್ಸೆಲ್ ಶೀಟ್ ಮಾಡುವ ಗುಂಪಿಗೆ ಸೇರಿದವನು ನಾನು. ಹೆಂಡತಿ ಇದನ್ನ ‘ಸ್ಪ್ರಿಂಟ್ ಪ್ಲಾನಿಂಗ್’ ಅಂತ ಆಡ್ಕೋತಾಳೆ. ಕಳೆದ ಸೆಪ್ಟೆಂಬರಿನಲ್ಲಿ ಗ್ರೀಸ್‌ನ ಕ್ರೀಟ್ ದ್ವೀಪಕ್ಕೆ ಹೋಗುವುದು ಅಂತಾದಾಗ ಶೀಟಿನ ಒಂದೇ ಒಂದು ಸಾಲಿಗೆ ಕೆಂಪು ಬಣ್ಣ ಬಳಿದಿದ್ದೆ: ಸಮಾರಿಯಾ ಕಣಿವೆ. ಉಳಿದದ್ದು ತಪ್ಪಿದರೂ ಪರವಾಗಿಲ್ಲ, ಇದು ತಪ್ಪಬಾರದು.

ನಮಗೆ ಟ್ರೆಕ್ ಅಂದ್ರೆ ಮೊದಲು ಹತ್ತುವುದು, ಆಮೇಲೆ ಇಳಿಯುವುದು. ಸುಸ್ತಾದರೆ ಅರ್ಧದಲ್ಲೇ ವಾಪಸ್. ಸಮಾರಿಯಾದಲ್ಲಿ ಇದು ಉಲ್ಟಾ. ಬಿಳಿ ಬೆಟ್ಟಗಳ ಮೇಲೆ, ಒಮಾಲೋಸ್ ಬಯಲಿನ ಅಂಚಿನಲ್ಲಿ, ಸುಮಾರು 1,230 ಮೀಟರ್ ಎತ್ತರದಲ್ಲಿ ನಡಿಗೆ ಶುರು. ಮುಗಿಯೋದು ಲಿಬಿಯನ್ ಸಮುದ್ರದ ದಡದ ಆಯಾ ರೂಮೆಲಿ ಅನ್ನೋ ಪುಟ್ಟ ಊರಲ್ಲಿ. ಒಟ್ಟು 16 ಕಿಲೋಮೀಟರ್, ಐದರಿಂದ ಏಳು ಗಂಟೆ. ಆ ಊರಿಗೆ ರಸ್ತೆಯೇ ಇಲ್ಲ, ಹೊರಗೆ ಬರೋಕೆ ದೋಣಿ ಹಿಡೀಬೇಕು. ಸಂಜೆ ಐದೂವರೆಯ ದೋಣಿ ತಪ್ಪಿದರೆ ರಾತ್ರಿ ಅಲ್ಲೇ. ನಡುವೆ ಕಾಲು ಕೈಕೊಟ್ಟರೆ ಕಾವಲುಗಾರರ ಹೇಸರಗತ್ತೆ ಬಂದು ಹೊತ್ತುಕೊಂಡು ಹೋಗಬೇಕು. ಮೇ ಒಂದರಿಂದ ಅಕ್ಟೋಬರ್ ಕೊನೆಯವರೆಗೆ ಮಾತ್ರ ತೆರೆದಿರತ್ತೆ, ಮಳೆ ಬಂದರೆ ಆ ದಿನವೂ ಮುಚ್ಚಬಹುದು. ಅದಕ್ಕೇ ಎರಡು ದಿನ ಬಫರ್ ಇಟ್ಟಿದ್ದೆ.

ಅಪ್ಪನನ್ನು ಮಾತ್ರ ಶೀಟಿನಲ್ಲಿ ಇಟ್ಟಿರಲಿಲ್ಲ.

ಅಮ್ಮ ಹೋದ ಮೇಲೆ ಅಪ್ಪ ಕೊಪ್ಪದ ಮನೆ ಬಿಟ್ಟು ಎಲ್ಲಿಗೂ ಬಂದವರಲ್ಲ. ಬೆಂಗಳೂರಿಗೆ ಬಂದರೂ ಮೂರನೇ ದಿನಕ್ಕೆ ಬಸ್ ಟಿಕೆಟ್ ಕೇಳ್ತಾರೆ. ಸುಮ್ಮನೆ ಮಾತಿಗೆ ಕರೆದೆ. “ನಡೆಯೋದಿದ್ರೆ ಬರ್ತೀನಿ. ಬಸ್ಸಲ್ಲಿ ಕೂತು ಊರು ನೋಡೋಕೆ ನಾನ್ಯಾಕೆ?” ಅಂದರು. ಮೂವತ್ತೆರಡು ವರ್ಷ ಲೈನ್‌ಮನ್ ಆಗಿ ಮಲೆನಾಡಿನ ಮಳೆಯಲ್ಲಿ, ಕಾಡಿನಲ್ಲಿ ಕರೆಂಟ್ ಕಂಬಗಳ ಹಿಂದೆ ನಡೆದವರು. ನನಗೆ ಖುಷಿಯೋ ಖುಷಿ. ವೀಸಾ ಕೂಡ ಮೂರೂ ಜನಕ್ಕೆ ಬಂತು.

ಪ್ರಾಕ್ಟೀಸಿಗೆ ಅಂತ ಜುಲೈನಲ್ಲಿ ನಂದಿ ಬೆಟ್ಟದ ಮೆಟ್ಟಿಲಿಗೆ ಹೋದೆವು. ಹತ್ತುವಾಗ ಅಪ್ಪ ನಮಗಿಂತ ಮುಂದೆ. ಇಳಿಯುವಾಗ ಹಿಂದೆ ಉಳಿದರು. ತಿರುಗಿ ನೋಡಿದ್ರೆ ಒಂದೊಂದು ಮೆಟ್ಟಿಲಿಗೂ ಏಡಿ ಥರ ಅಡ್ಡಡ್ಡ ತಿರುಗಿ, ಬಲಗಾಲು ಬಗ್ಗಿಸದೆ ಇಳೀತಿದ್ದಾರೆ. ನೋಡಿದ್ದು ಗೊತ್ತಾದ ಕೂಡಲೇ ನಿಂತು ಶೂ ಲೇಸ್ ಕಟ್ಟೋಕೆ ಶುರು ಮಾಡಿದರು. ಲೇಸ್ ಸರಿಯಾಗೇ ಇತ್ತು.

ಇಳಿಯೋದು ಸುಲಭ ಅಂತ ನಾವಂದುಕೊಳ್ತೀವಿ. ಉಸಿರಿಗೆ ಸುಲಭ, ನಿಜ. ಆದರೆ ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು, ಆ ಒತ್ತಡವೆಲ್ಲ ಮಂಡಿಚಿಪ್ಪಿನ ಹಿಂದೆ ಬೀಳತ್ತೆ. ಸಮಾರಿಯಾದಲ್ಲಿ ಮೊದಲ ಮೂರ್ನಾಲ್ಕು ಕಿಲೋಮೀಟರಿನಲ್ಲೇ ಒಟ್ಟು ಇಳಿತದ ಹತ್ತಿರಹತ್ತಿರ ಅರ್ಧ ಮುಗಿದುಹೋಗತ್ತೆ. ಅಂದ್ರೆ ಅಪ್ಪನ ಮಂಡಿ ಮೊದಲ ಎರಡು ಗಂಟೆಯಲ್ಲೇ ಖಾಲಿ. ಉಳಿದ ಹನ್ನೆರಡು ಕಿಲೋಮೀಟರಿಗೆ ಹೇಸರಗತ್ತೆ.

ಆ ರಾತ್ರಿ ಹೇಳಿದೆ. ಸರಿಯಾಗಿ ಹೇಳಲಿಲ್ಲ, ಆಫೀಸಿನಲ್ಲಿ ರಿಸ್ಕ್ ಹೇಳೋ ಹಾಗೆ ಹೇಳಿದೆ. “ನೀವು ಹೋಗಿ ಬನ್ನಿ, ನಾನು ಹೋಟೆಲಲ್ಲಿ ಇರ್ತೀನಿ” ಅಂದವರೇ ಬೆಳಿಗ್ಗೆ ಕೊಪ್ಪದ ಬಸ್ ಹತ್ತಿದರು. ಮಂಡಿ ನೋವಿದೆ ಅಂತ ಯಾಕೆ ಮೊದಲೇ ಹೇಳಲಿಲ್ಲ ಅಂತ ನನಗೂ ಸಿಟ್ಟು. ಹೇಳಿದ್ದರೆ ನಾನು ಕರೀತಿದ್ನಾ ಅಂತ ಹೆಂಡತಿ ಕೇಳಿದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ದಾರಿ ಹುಡುಕಿದವಳೂ ಅವಳೇ. ಕಣಿವೆಗೆ ಕೆಳಗಿನಿಂದಲೂ ಹೋಗಬಹುದು! ದೋಣಿಯಲ್ಲಿ ಆಯಾ ರೂಮೆಲಿಗೆ ಬಂದು, ಕೆಳಗಿನ ಗೇಟಿನಲ್ಲಿ ಟಿಕೆಟ್ ತಗೊಂಡು ಒಳಗೆ ನಡೆದರೆ, ಸಮುದ್ರದಿಂದ ನಾಲ್ಕೈದು ಕಿಲೋಮೀಟರಿನಲ್ಲಿ ‘ಕಬ್ಬಿಣದ ಬಾಗಿಲು’ ಸಿಗತ್ತೆ. ಇಡೀ ಕಣಿವೆಯ ಅತಿ ಇಕ್ಕಟ್ಟಾದ ಜಾಗ ಅದು. ಎರಡೂ ಕಡೆ ಸುಮಾರು 300 ಮೀಟರ್ ಎತ್ತರದ ಬಂಡೆಗೋಡೆ, ನಡುವೆ ಮೂರ್ನಾಲ್ಕು ಮೀಟರ್ ಸಂದು. ಎಲ್ಲರೂ ಫೋಟೊದಲ್ಲಿ ನೋಡೋದು ಅದನ್ನೇ. ದಾರಿ ನಿಧಾನ ಏರು, ವಾಪಸ್ ಬರುವಾಗ ಕಡಿದಾದ ಇಳಿತ ಇಲ್ಲ.

ಅಪ್ಪನಿಗೆ ಫೋನ್ ಮಾಡಿದೆ. ಒಂದೂವರೆ ನಿಮಿಷ ಮೌನ. ಆಮೇಲೆ, “ಆ ದಾರಿಗೆ ಇಂಗ್ಲಿಷಲ್ಲಿ ಏನಂತಾರೆ?”

ಸುಳ್ಳು ಹೇಳಬಹುದಿತ್ತು. “ಲೇಜಿ ವೇ” ಅಂದೆ.

“ಲೈನ್ ನಡೆದವನಿಗೆ ಲೇಜಿನಾ?” ಅಂತ ಬೈದರು. ಬೈದರಲ್ಲ ಅಂತ ನೆಮ್ಮದಿಯಾಯ್ತು.

ಶೀಟ್ ಮತ್ತೆ ಬರೆದೆ. ಎಲ್ಲರೂ ಉಳಿಯೋ ಹನ್ಯಾ ನಗರ ಬಿಟ್ಟು, ದಕ್ಷಿಣ ಕರಾವಳಿಯ ಸೂಯಾ ಹಳ್ಳಿಯಲ್ಲಿ ರೂಮ್ ಮಾಡಿದೆವು. ಅಲ್ಲಿಂದ ನಾವಿಬ್ಬರು ಬೆಳಗಿನ ಬಸ್ಸಿನಲ್ಲಿ ಒಮಾಲೋಸ್‌ಗೆ, ಅಪ್ಪ ದೋಣಿಯಲ್ಲಿ ಆಯಾ ರೂಮೆಲಿಗೆ, ಸಂಜೆ ಮೂವರೂ ಅದೇ ದೋಣಿಯಲ್ಲಿ ವಾಪಸ್. ಒಂದೇ ತೊಂದರೆ, ಕಣಿವೆಯೊಳಗೆ ಬಹುತೇಕ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಲೊಕೇಶನ್ ಶೇರ್, ವಾಟ್ಸಾಪ್ ಯಾವುದೂ ನಡೆಯಲ್ಲ. ನಾನು ತಲೆ ಕೆಡಿಸಿಕೊಂಡಿದ್ದರೆ ಅಪ್ಪ ನಕ್ಕರು. “ನಿಮ್ಮಮ್ಮನ್ನ ಮೊದಲ ಸಲ ನೋಡೋಕೆ ತರೀಕೆರೆ ಬಸ್ ಸ್ಟ್ಯಾಂಡಿಗೆ ಹೋದಾಗ ಯಾರ ಲೊಕೇಶನ್ ಇತ್ತು?” ಆದರೂ ಒಂದು ಚೀಟಿ ಬರೆದು ಅವರ ಜೇಬಿಗಿಟ್ಟೆ: ಬಾಗಿಲು ನೋಡಿ ಬಂದು ಕೆಳಗಿನ ಗೇಟಿನಲ್ಲಿ ಕಾಯೋದು. ಮೂರು ಗಂಟೆಯಾದರೂ ನಾವು ಬರದಿದ್ದರೆ ಸೀದಾ ದೋಣಿ ಕಟ್ಟೆಗೆ.

ಆ ದಿನ ತಡ ಮಾಡಿದವರು ನಾವೇ. ಇಳಿದು ಇಳಿದು ಏಳನೇ ಕಿಲೋಮೀಟರಿನ ಸಮಾರಿಯಾ ಹಳ್ಳಿ ಮುಟ್ಟುವಷ್ಟರಲ್ಲಿ ನನ್ನ ತೊಡೆ ನಡುಗ್ತಿತ್ತು. 1962ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗ ಜನ ಬಿಟ್ಟುಹೋದ ಊರದು. ಕಲ್ಲಿನ ಮನೆಗಳ ನೆರಳಲ್ಲಿ ಕೂತರೆ ಏಳೋಕೆ ಮನಸ್ಸಾಗಲಿಲ್ಲ. ಕ್ರಿ-ಕ್ರಿ ಅನ್ನೋ ಕಾಡುಮೇಕೆಯೊಂದು ಬಂದು ಬ್ಯಾಗ್ ಮೂಸಿ ಹೋಯ್ತು. ಆಮೇಲೆ ಗಡಿಯಾರ ನೋಡಿ ಓಟ.

ಕಬ್ಬಿಣದ ಬಾಗಿಲು ದಾಟಿದಾಗ ಎರಡು ಗಂಟೆ. ಸಂದು ಮುಗಿದು ಬಯಲಾಗೋ ಕಡೆ, ತೊರೆಯ ಪಕ್ಕದ ಬಂಡೆ ಮೇಲೆ ಅಪ್ಪ ಕೂತಿದ್ದರು. ಬಲಗಾಲು ಉದ್ದಕ್ಕೆ ಚಾಚಿಕೊಂಡು, ಕಿತ್ತಳೆ ಸುಲೀತಾ.

“ಗೇಟಲ್ಲಿ ಕಾಯಿ ಅಂತ ಬರೆದಿದ್ನಲ್ಲ?”

“ಗೇಟಲ್ಲಿ ಟಿಕೆಟ್ ನೋಡೋರು ಬಿಟ್ಟು ಏನಿದೆ? ಎರಡು ಗಂಟೆಯಿಂದ ಇದನ್ನೇ ನೋಡ್ತಾ ಕೂತಿದ್ದೀನಿ.”

ದೋಣಿಯಲ್ಲಿ ಅವರು ನನ್ನ ಫೋನ್ ತಗೊಂಡು ಮೇಲಿನ ಫೋಟೊಗಳನ್ನೆಲ್ಲ ನೋಡಿದರು. ಪೈನ್ ಮರ, ಮರದ ಕಟಾಂಜನದ ಮೆಟ್ಟಿಲು, ಮೋಡ. ಒಂದೊಂದನ್ನೂ ಬೆರಳಲ್ಲಿ ದೊಡ್ಡದು ಮಾಡಿ ನೋಡಿ, “ಇದು ನೋಡ್ಲಿಲ್ಲ ಅನ್ನೋದು ಇದ್ದೇ ಇದೆ” ಅಂದರು. ನಾನು ಏನೂ ಹೇಳಲಿಲ್ಲ. ಸೂಯಾದಲ್ಲಿ ದೋಣಿಯಿಂದ ಇಳಿಯುವಾಗ ನನ್ನ ಕಾಲು ಮಡಚೋಕಾಗದೆ ಅಡ್ಡಡ್ಡ ತಿರುಗಿದೆ. ಅಪ್ಪ ಕೆಳಗೆ ನಿಂತು ಕೈ ಕೊಟ್ಟರು.